ತೆಳುದಾರದ ನ್ಯಾಯ

ಬಹಾಮಾಸ್‌ನ ಆಂಡ್ರೋಸ್ ದ್ವೀಪದ ಸುತ್ತಲೂ, ಫ್ಲಾರಿಡಾದ ಕೀಸ್ ದ್ವೀಪಗಳ ಅಂಚಿನಲ್ಲೂ ಮೊಣಕಾಲುದ್ದದ ತಿಳಿನೀರಿನ ಮರಳುಹಾಸುಗಳಿವೆ. ಉಬ್ಬರದೊಂದಿಗೆ ಏಡಿ, ಸಿಗಡಿ ಅರಸಿ ಅಲ್ಲಿಗೆ ಬರುವ ಬೋನ್‌ಫಿಶ್ ಎಂಬ ಬೆಳ್ಳಿಬಣ್ಣದ ಮೀನಿಗಾಗಿ ದೂರದೇಶಗಳಿಂದ ಜನ ಬರುತ್ತಾರೆ. ಬಹುಮಂದಿ ಬರುವುದು ತಿನ್ನಲಿಕ್ಕಲ್ಲ, ಹಿಡಿದು ಬಿಡಲಿಕ್ಕೆ. ಫ್ಲಾರಿಡಾದಲ್ಲಂತೂ ಅದನ್ನು ಇಟ್ಟುಕೊಳ್ಳಲು ಕಾನೂನೇ ಬಿಡುವುದಿಲ್ಲ. ಗಾಳಕ್ಕೆ ನೂಲು, ಕೂದಲು ಸುತ್ತಿ ಮಾಡಿದ ಹುಸಿ ಸಿಗಡಿಯನ್ನು ಸದ್ದಾಗದಂತೆ ಮೀನಿನ ಮುಂದೆ ಇಳಿಸಬೇಕು. ಕಚ್ಚಿದ್ದೇ ತಡ, ದೊಡ್ಡ ಮೀನಾದರೆ ನೂರು ಗಜ ದಾರ ಎಳೆದುಕೊಂಡು ಓಡುತ್ತದೆ. ಕೋಲು ಹಗುರವಾದಷ್ಟೂ ದಾರ ತೆಳುವಾದಷ್ಟೂ ಆಟ ಘನವಾದದ್ದು, ಏಕೆಂದರೆ ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶವಿದೆ ಎಂಬುದು ಇಲ್ಲಿನ ನೀತಿ. ಅಂತರರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಷನ್ ಈ ಬಗೆಯ ದಾಖಲೆಗಳನ್ನು 2 ಪೌಂಡಿನ ದಾರದಿಂದ ಮೊದಲುಗೊಂಡು ದಾರದ ಬಲಕ್ಕೆ ತಕ್ಕಂತೆ ವಿಂಗಡಿಸಿಡುತ್ತದೆ. ನೋಡಲು ಸಾಧುವಾದ ಈ ನ್ಯಾಯ ಮೀನಿನ ಪಾಲಿಗೆ ಅನ್ಯಾಯವೆಂದೇ ನನ್ನ ವಾದ.

ಸ್ಪರ್ಧೆಯಲ್ಲಿ ನ್ಯಾಯದ ಮಾತು ಬರುವುದು ಇಬ್ಬರೂ ಒಪ್ಪಿ ಕಣಕ್ಕಿಳಿದಾಗ. ಕುಸ್ತಿಯ ಪೈಲ್ವಾನ ಸೋತರೂ ತಾನೇ ಬಯಸಿ ಬಂದವನು. ಮೀನು ಬಂದದ್ದು ಸಿಗಡಿಗಾಗಿ. ಅದಿರಲಿ, ದಾರ ತೆಳುವಾದರೆ ಬಿಗಿಯಾಗಿ ಎಳೆಯಲಾಗದು, ಆದ್ದರಿಂದ ಹೋರಾಟ ಲಂಬಿಸುತ್ತದೆ. ಹೆಚ್ಚು ಹೊತ್ತು ಹೋರಾಡಿದ ಬೋನ್‌ಫಿಶ್‌ನ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದನ್ನು ಸಂಶೋಧಕರು ಅಳೆದಿದ್ದಾರೆ. ಬಹಾಮಾಸ್‌ನ ಎಲ್ಯೂಥೆರಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಿಟ್ಟ ಮೇಲೆ ಸಮತೋಲ ತಪ್ಪಿದ ಮೀನುಗಳು ಬೇಟೆಗೆ ಬಲಿಯಾಗುವ ಸಂಭವ ಉಳಿದವುಗಳಿಗಿಂತ ಆರು ಪಟ್ಟಿಗೂ ಹೆಚ್ಚು. ಶಾರ್ಕ್‌ಗಳು ಅಲ್ಲೇ ಸುಳಿದಾಡುತ್ತಿರುತ್ತವೆ. ಆಟಗಾರ ತನ್ನ ಮೇಲೆ ಹೇರಿಕೊಂಡೆನೆಂದು ಹೆಮ್ಮೆಪಡುವ ಕಷ್ಟದ ಬಹುಪಾಲನ್ನು ಹೊರುವುದು ಮೀನು.

ಮೀನಿಗೆ ನೋವೇ ಇಲ್ಲ ಎನ್ನುವವರಿದ್ದಾರೆ. ನೋವಿನ ಅರಿವಿಗೆ ಬೇಕಾದ ನಿಯೋಕಾರ್ಟೆಕ್ಸ್ ಮೀನಿನ ಮೆದುಳಲ್ಲಿಲ್ಲ ಎಂದು ವಿಜ್ಞಾನಿ ಜೇಮ್ಸ್ ರೋಸ್ 2002ರಲ್ಲಿ ವಾದಿಸಿದರು. ಮರುವರ್ಷವೇ ಲಿನ್ ಸ್ನೆಡನ್ ಮತ್ತು ಸಂಗಡಿಗರು, ತುಟಿಗೆ ಆಮ್ಲ ಚುಚ್ಚಿಸಿಕೊಂಡ ಟ್ರೌಟ್ ಮೀನುಗಳು ತುಟಿಯನ್ನು ಜಲ್ಲಿಗೆ ಉಜ್ಜಿದ್ದನ್ನು ವರದಿ ಮಾಡಿದರು. ಚರ್ಚೆ ಮುಗಿದಿಲ್ಲ. ಆದರೆ ಸಂದೇಹದ ಲಾಭ ಯಾರಿಗೆ ಸಿಗಬೇಕು? ಅದನ್ನು ಮೀನಿಗೆ ಕೊಟ್ಟು ತಪ್ಪಿದರೆ ಆಟಗಾರ ಕಳೆದುಕೊಳ್ಳುವುದು ಒಂದು ಮಧ್ಯಾಹ್ನದ ಸುಖ, ಅಷ್ಟೆ.

ಕೊಂದು ತಿನ್ನುವುದಕ್ಕಿಂತ ಬಿಡುವುದು ಮೇಲಲ್ಲವೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಉತ್ತರ ಸಂಕಲ್ಪದಲ್ಲಿದೆ. ಜೈನರು ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ವಿಂಗಡಿಸುತ್ತಾರೆ. ಅಡುಗೆ, ಕಸುಬು, ಆತ್ಮರಕ್ಷಣೆಗಳಲ್ಲಿ ಆಗುವುದನ್ನು ಆದಷ್ಟು ತಗ್ಗಿಸಬೇಕು. ಬೇಕೆಂದೇ ಮಾಡುವುದನ್ನು ಪೂರ್ತಿ ಬಿಡಬೇಕು. (ಮೀನುಗಾರಿಕೆ ಅವರಿಗೆ ಕಸುಬಾಗಿಯೂ ಸಲ್ಲದು, ಆ ಮಾತು ಬೇರೆ.) ಹಸಿದವನಿಗೆ ಬೇಕಾದದ್ದು ಮೀನು, ಅದು ಒದ್ದಾಡದೆ ಸಿಕ್ಕರೆ ಅವನಿಗೆ ಸಂತೋಷವೇ. ಈ ಆಟಗಾರನಿಗೆ ಬೇಕಾದದ್ದು ಒದ್ದಾಟವೇ. ಬೋನ್‌ಫಿಶ್ ಓಡದೆ ತೆಪ್ಪಗೆ ಕೈಗೆ ಬಂದರೆ ಅವನ ಖರ್ಚೆಲ್ಲ ದಂಡ. ಹಾಗಾಗಿ ಮೀನಿನ ಭಯ ಇಲ್ಲಿ ಅನಿವಾರ್ಯವಾಗಿ ಅಂಟಿಕೊಂಡ ದೋಷವಲ್ಲ, ಅವನು ಹಣ ಕೊಟ್ಟು ಕೊಂಡ ವಸ್ತು. ಕೊನೆಗೆ ಬಿಡುವುದರಿಂದ ಮೀನಿನ ಜೀವ ಉಳಿಯಬಹುದು, ಸಂಕಲ್ಪ ಬದಲಾಗುವುದಿಲ್ಲ.

ಈ ಹವ್ಯಾಸವೇ ಮೀನನ್ನು ಉಳಿಸಿದೆ ಎಂಬ ವಾದವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಬಹಾಮಾಸ್‌ನ ಎಷ್ಟೋ ಸಂಸಾರಗಳು ಬೋನ್‌ಫಿಶ್ ಗೈಡ್‌ಗಳ ಗಳಿಕೆಯಿಂದ ನಡೆಯುತ್ತವೆ. ಮೀನಿಗೆ ಬೆಲೆಯಿರುವುದರಿಂದಲೇ ಅದರ ನೆಲೆಗೂ ಕಾವಲು. ನಮ್ಮ ಕಾವೇರಿಯಲ್ಲೂ, ಡುಬ್ಬದ ಮಹಶೀರ್ ಮೀನು ಕ್ಷೀಣಿಸುತ್ತಿರುವುದು ಖಚಿತವಾದದ್ದು 1998ರಿಂದ 2012ರವರೆಗೆ ಗಾಲಿಬೋರೆಯಲ್ಲಿ ಹಿಡಿದು ಬಿಟ್ಟವರ ಲೆಕ್ಕಪುಸ್ತಕಗಳಿಂದ. ಇದನ್ನೆಲ್ಲ ಒಪ್ಪಿದರೂ ಸಿದ್ಧವಾಗುವುದು ಇಷ್ಟೇ: ಮೀನಿನ ಯಾತನೆ ಸಂರಕ್ಷಣೆಗೆ ತೆರುವ ಒಂದು ಬೆಲೆ. ಬೆಲೆಯೆಂದ ಮೇಲೆ ಅದನ್ನು ತಗ್ಗಿಸುವ ಹೊಣೆಯೂ ಬರುತ್ತದೆ. ಗಟ್ಟಿ ದಾರದಿಂದ ಬೇಗ ಎಳೆದು, ನೀರಿನಿಂದೆತ್ತದೆ ಗಾಳ ಬಿಡಿಸಬೇಕು. ಶಾರ್ಕ್ ಕಂಡರೆ ಕೋಲು ಮಡಚಿ ಜಾಗ ಬಿಡಬೇಕು. ಗೈಡ್‌ನ ಕೂಲಿಗಾಗಲಿ ಮರಳುಹಾಸಿನ ಕಾವಲಿಗಾಗಲಿ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ತೆಳುದಾರದ ದಾಖಲೆಗೆ ಮಾತ್ರ, ಮತ್ತು ಸಂರಕ್ಷಣೆಯ ಹೆಸರಿನಲ್ಲಿ ಅದನ್ನು ಸಮರ್ಥಿಸುವ ಒಂದು ಕಾರಣವೂ ನನಗೆ ಕಾಣುತ್ತಿಲ್ಲ.