ಇಂದಿನ ಧಮ್ಮ ಚಿಂತನೆ: ಕವಲಿನಲ್ಲಿ ನಿಂತ ರೈಲು

 

ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹಳಿ ಹಾಕುವ ಕೆಲಸ ನಡೆದಿದೆ. ಅಲ್ಲಿಯವರೆಗೆ ಶಿಕಾರಿಪುರದ ಮಕ್ಕಳು ರೈಲು ನೋಡಲು ಬೇರೆ ಊರಿಗೆ ಹೋಗಬೇಕು. ಹಾಗಾಗಿ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಾದರಿ ರೈಲು ಇಟ್ಟಾಗ ಮಕ್ಕಳೆಲ್ಲ ಮುತ್ತಿಕೊಂಡಿದ್ದರು.

ಹಳಿ ಕವಲೊಡೆಯುವ ಜಾಗದಲ್ಲಿ ಇಂಜಿನ್ ನಿಂತುಬಿಡುತ್ತಿತ್ತು. "ಬೆಳಿಗ್ಗೆ ಅವಳು ಮುಟ್ಟಿದ್ಲು ಸಾರ್, ಆಗಿಂದ ಹಿಂಗೆ" ಎಂದ ಒಬ್ಬ ಹುಡುಗ. ಅವಳು ನಮ್ಮ ಕೇರಿಯ ಮಗು. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಆ ಮಾತು ಅವನ ಬಾಯಿಗೆ ಎಲ್ಲಿಂದ ಬಂತೆಂದು ನಿಮಗೆ ನಾನು ಹೇಳಬೇಕಿಲ್ಲ.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪ್ರತಿಯೊಂದಕ್ಕೂ ಕಾರಣವುಂಟು, ಕಾರಣ ನೀಗಿದರೆ ಫಲವೂ ನೀಗುತ್ತದೆ ಎಂಬ ಪಟಿಚ್ಚಸಮುಪ್ಪಾದವನ್ನು ವಾರವಾರ ಓದುವವರು ನಾವು. ಟೆಸ್ಟ್ ಬಲ್ಬನ್ನು ಅವಳ ಕೈಗೇ ಕೊಟ್ಟೆ. 12 ವೋಲ್ಟ್ ಅಷ್ಟೇ, ಯಾರು ಮುಟ್ಟಿದರೂ ಏನೂ ಆಗದು.

ನೇರ ಹಳಿಯಲ್ಲಿ ಬಲ್ಬ್ ಉರಿಯಿತು. ಕವಲಿನ ನಡುವಿನ ತುಂಡಿಗೆ ಹಿಡಿದರೆ ಉರಿಯಲಿಲ್ಲ. ಅತ್ತಿತ್ತ ಸರಿಯುವ ಹಳಿ ಪಕ್ಕದ ಹಳಿಗೆ ತಾಗಿದರೆ ಮಾತ್ರ ಆ ತುಂಡಿಗೆ ಕರೆಂಟು. ತಾಗಿದಂತೆ ಕಾಣುತ್ತಿತ್ತು, ನಡುವೆ ಎಣ್ಣೆ-ದೂಳಿನ ಪದರ. ಮುಟ್ಟಿದ್ದರಿಂದಲ್ಲ, ಮುಟ್ಟದ್ದರಿಂದ ನಿಂತಿತ್ತು ರೈಲು!

ಸ್ಪಿರಿಟ್ ಅದ್ದಿದ ಹತ್ತಿಯಿಂದ ಅವಳೇ ಒರೆಸಿದಳು. ಇಂಜಿನ್ ದಾಟಿತು. ದೂಳು ಮತ್ತೆ ಕೂರುವುದೇ. ಮರುದಿನ ಆ ತುಂಡಿಗೆ ಬೇರೆ ಸ್ವಿಚ್ಚಿನಿಂದ ವೈರು ಬೆಸೆದೆವು.

ಆ ಹುಡುಗನೂ ಬಲ್ಬ್ ಕೇಳಿದ. ಅವಳು ತುಸು ಹೊತ್ತು ಕೊಡಲಿಲ್ಲ. ನಾನೂ ಹೇಳಲಿಲ್ಲ.

ಭವತು ಸಬ್ಬ ಮಂಗಲಂ.