ನಾವು ಆರಿಸಿದವರು ಆರಿಸಿದವರು

2023ರ ಮೇ 10ರಂದು, ವಿಧಾನಸಭೆಯ ಚುನಾವಣೆಯ ದಿನ, ನಾನು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತಿದ್ದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೂ ಈ ಕೆಲಸ ತಪ್ಪಿದ್ದಲ್ಲ. ಮಧ್ಯಾಹ್ನದ ಬಿಸಿಲಿಗೆ ಸಾಲು ತೆಳುವಾಗಿತ್ತು. ಊರುಗೋಲು ಹಿಡಿದ ಒಬ್ಬ ಅಜ್ಜಿ ಒಳಕ್ಕೆ ಬಂದು, ಬೆರಳಿಗೆ ಮಸಿ ಹಾಕಿಸಿಕೊಂಡು, ರಟ್ಟಿನ ಮರೆಯ ಹಿಂದೆ ಹೋದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮರೆಯಿಂದ ತಲೆ ಹೊರಗೆ ಹಾಕಿ ಕೇಳಿದರು: "ಅಪ್ಪಾ, ಇದರಲ್ಲಿ ಮುಖ್ಯಮಂತ್ರಿ ಗುಂಡಿ ಯಾವುದು?"

ಏಜೆಂಟರೆಲ್ಲ ನಕ್ಕರು. ನಾನೂ ನಗೆಯನ್ನು ತಡೆದುಕೊಂಡು, "ನಿಮಗೆ ಬೇಕಾದವರ ಗುಂಡಿ ಒತ್ತಿ, ತಾಯಿ" ಎಂದಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಅಧಿಕಾರವಿರಲಿಲ್ಲ. ಯಂತ್ರ ಪೀಪೀ ಎಂದಿತು, ಅಜ್ಜಿ ಹೊರಟುಹೋದರು. ಆದರೆ ಸಂಜೆ ಪೆಟ್ಟಿಗೆಗಳಿಗೆ ಮೊಹರು ಹಾಕಿ, ಹೆಬ್ಬೂರಿನ ಮಾರ್ಗವಾಗಿ ತುಮಕೂರಿಗೆ ಹಿಂತಿರುಗುತ್ತಿದ್ದಾಗ ಆ ಪ್ರಶ್ನೆಯೂ ನನ್ನ ಜೊತೆಯಲ್ಲೇ ಬಂದಿತು. ನಗುವಂಥದೇನಿತ್ತು ಅದರಲ್ಲಿ? ರಾಜ್ಯವನ್ನು ಯಾರು ಆಳಬೇಕೆಂದು ಹೇಳಲು ಅಜ್ಜಿ ಬಂದಿದ್ದರು. ನಾವು ಅವರಿಗೆ ಕೊಟ್ಟ ಪಟ್ಟಿಯಲ್ಲಿ ಆಳುವವನ ಹುದ್ದೆಯೇ ಇರಲಿಲ್ಲ.

ನಮ್ಮಲ್ಲಿ ಮತದಾರನು ಆರಿಸುವುದು ಶಾಸಕನನ್ನು. 224 ಶಾಸಕರಲ್ಲಿ ಕನಿಷ್ಠ 113 ಮಂದಿಯ ಬೆಂಬಲವುಳ್ಳ ಪಕ್ಷ ತನ್ನ ನಾಯಕನನ್ನು ಗೊತ್ತುಮಾಡುತ್ತದೆ. ರಾಜ್ಯಪಾಲರು ಆತನನ್ನು ಮುಖ್ಯಮಂತ್ರಿಯನ್ನಾಗಿ ನೇಮಿಸುತ್ತಾರೆ. ಆ ರಾಜ್ಯಪಾಲರನ್ನಾದರೋ ನೇಮಿಸುವವರು ರಾಷ್ಟ್ರಪತಿಗಳು. ಸರ್ಕಾರದ ಪರವಾಗಿ ವಾದಿಸುವ ಅಡ್ವೊಕೇಟ್ ಜನರಲ್ ಅವರದೂ ನೇಮಕವೇ. ಕೆಳಗಿನ ಮೆಟ್ಟಿಲುಗಳಲ್ಲಿಯೂ ಇದೇ ರೀತಿ: ಗ್ರಾಮ ಪಂಚಾಯಿತಿಯ ಅಧ್ಯಕ್ಷನನ್ನು ಸದಸ್ಯರು ಆರಿಸುತ್ತಾರೆ, ನಗರದ ಮೇಯರನ್ನು ಕಾರ್ಪೊರೇಟರುಗಳು ಆರಿಸುತ್ತಾರೆ. ಒಟ್ಟಿನಲ್ಲಿ, ನಾವು ಆರಿಸುವುದು ಆರಿಸುವವರನ್ನು.

ಇದರ ಫಲಗಳು ಕೆಲವು ವೇಳೆ ವಿಚಿತ್ರವಾಗಿರುತ್ತವೆ. 1962ರ ಚುನಾವಣೆಯಲ್ಲಿ ನಮ್ಮ ನೆರೆಯ ಜಿಲ್ಲೆಯ ಹೊಸದುರ್ಗದ ಮತದಾರರು ಎಸ್. ನಿಜಲಿಂಗಪ್ಪನವರನ್ನು ಸೋಲಿಸಿದರು. ಎಸ್. ಆರ್. ಕಂಠಿಯವರು ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಅಷ್ಟರಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದು ಅದೇ ವರ್ಷದ ಜೂನಿನಲ್ಲಿ ಆ ಸ್ಥಾನದಲ್ಲಿ ಕುಳಿತರು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರೇ ಆಗಿರಲಿಲ್ಲ. ಕನಕಪುರದ ಉಪಚುನಾವಣೆ ಆಮೇಲೆ ಬಂದಿತು. ಇದರಲ್ಲಿ ಅಕ್ರಮವೇನೂ ಇಲ್ಲ. ಸಂವಿಧಾನವೇ ಆರು ತಿಂಗಳ ಅವಕಾಶ ಕೊಟ್ಟಿದೆ. ಇಬ್ಬರೂ ಸಮರ್ಥರಾಗಿಯೇ ಆಳಿದರೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೂ ಹೊಸದುರ್ಗದ ಮತದಾರನೊಬ್ಬ, "ನಾನು ಬೇಡವೆಂದದ್ದು ಯಾರಿಗೆ ಕೇಳಿಸಿತು?" ಎಂದು ಕೇಳಿದ್ದರೆ, ಏನು ಉತ್ತರ ಹೇಳುವುದು?

ಅಮೆರಿಕದ ರಾಜ್ಯಗಳಲ್ಲಿ ನಮ್ಮ ಅಜ್ಜಿಯ ಪ್ರಶ್ನೆಗೆ ಯಾರೂ ನಗುತ್ತಿರಲಿಲ್ಲ. ಅಲ್ಲಿ ಗವರ್ನರಿಗೆ ಬೇರೆಯೇ ಒಂದು ಸಾಲು ಇರುತ್ತದೆ. ಅಷ್ಟೇ ಅಲ್ಲ. ಉತ್ತರ ಕೆರೊಲಿನ ರಾಜ್ಯದಲ್ಲಿ ಜನರು ನಾಲ್ಕು ವರ್ಷಕ್ಕೊಮ್ಮೆ ಹತ್ತು ಹುದ್ದೆಗಳಿಗೆ ರಾಜ್ಯದಾದ್ಯಂತ ಮತ ಹಾಕುತ್ತಾರೆ: ಗವರ್ನರು, ಉಪಗವರ್ನರು, ಅಟಾರ್ನಿ ಜನರಲ್, ರಾಜ್ಯ ಕಾರ್ಯದರ್ಶಿ, ಖಜಾಂಚಿ, ಲೆಕ್ಕ ಪರಿಶೋಧಕ, ಶಿಕ್ಷಣಾಧಿಕಾರಿ, ಇವರಲ್ಲದೆ ಕೃಷಿ, ಕಾರ್ಮಿಕ, ವಿಮೆ ಈ ಮೂರು ಇಲಾಖೆಗಳ ಕಮಿಷನರುಗಳು. ಎಲ್ಲ ರಾಜ್ಯಗಳೂ ಹೀಗಿಲ್ಲ. ಮೇಯ್ನ್ ರಾಜ್ಯದಲ್ಲಿ ಜನರು ರಾಜ್ಯದ ಆಡಳಿತಕ್ಕೆಂದು ಆರಿಸುವುದು ಗವರ್ನರನ್ನು ಮಾತ್ರ. ಖಜಾಂಚಿಯನ್ನೂ ಅಟಾರ್ನಿ ಜನರಲನ್ನೂ ಅಲ್ಲಿ ಶಾಸನಸಭೆ ಆರಿಸುತ್ತದೆ.

ನಮ್ಮ ಗುಬ್ಬಿಯ ಉಪಮಾನವನ್ನೇ ತೆಗೆದುಕೊಳ್ಳೋಣ. 1884ರಲ್ಲಿ ಹುಟ್ಟಿದ ಗುಬ್ಬಿ ಚೆನ್ನಬಸವೇಶ್ವರ ನಾಟಕ ಸಂಘದಲ್ಲಿ ರಾಜಪಾರ್ಟು ಯಾರಿಗೆ, ಹಾಸ್ಯ ಯಾರಿಗೆ ಎಂಬುದನ್ನು ಕಂಪನಿ ನಿರ್ಧರಿಸುತ್ತಿತ್ತೇ ಹೊರತು ಪ್ರೇಕ್ಷಕರಲ್ಲ. ಪ್ರೇಕ್ಷಕನು ಟಿಕೆಟ್ಟು ಕೊಂಡು ಕಂಪನಿಯನ್ನು ಆರಿಸಿಕೊಳ್ಳುತ್ತಿದ್ದ. ನಮ್ಮ ಚುನಾವಣೆಯೂ ಈ ಬಗೆಯದೇ. ಅಮೆರಿಕದ ಅನೇಕ ರಾಜ್ಯಗಳಲ್ಲಾದರೋ ಪ್ರೇಕ್ಷಕನೇ ರಾಜನನ್ನೂ ಮಂತ್ರಿಯನ್ನೂ ಭಂಡಾರಿಯನ್ನೂ ಬೇರೆ ಬೇರೆಯಾಗಿ ಆರಿಸಿ ರಂಗಕ್ಕೆ ಕಳುಹಿಸುತ್ತಾನೆ. ಅವರು ಒಂದೇ ಕಂಪನಿಯವರಾಗಿರಬೇಕೆಂದೇನೂ ಇಲ್ಲ. ರಾಜನು ಒಂದು ನಾಟಕವನ್ನೂ ಮಂತ್ರಿಯು ಮತ್ತೊಂದು ನಾಟಕವನ್ನೂ ಆಡುವುದುಂಟು.

ಕೆಂಟಕಿ ರಾಜ್ಯದಲ್ಲಿ ನಡೆದ ಸಂಗತಿ ನನ್ನಂಥ ಮೇಷ್ಟರಿಗೆ ಆಸಕ್ತಿಯನ್ನು ಹುಟ್ಟಿಸುವಂಥದು. ಗವರ್ನರ್ ಮ್ಯಾಟ್ ಬೆವಿನ್ ಒಂದು ಪಕ್ಷದವರು, ಅಟಾರ್ನಿ ಜನರಲ್ ಆ್ಯಂಡಿ ಬೆಶಿಯರ್ ಇನ್ನೊಂದು ಪಕ್ಷದವರು. ಇಬ್ಬರನ್ನೂ ಆರಿಸಿದವರು ಅದೇ ಜನ. 2018ರಲ್ಲಿ ಉಪಾಧ್ಯಾಯರೇ ಮೊದಲಾದ ನೌಕರರ ಪಿಂಚಣಿಯನ್ನು ಬದಲಿಸುವ ಕಾನೂನೊಂದು ಬಂದಾಗ ಅಟಾರ್ನಿ ಜನರಲ್ಲರು ಅದರ ಮೇಲೆ ದಾವೆ ಹೂಡಿದರು. ಆ ವರ್ಷದ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಕಾನೂನನ್ನು ಅಂಗೀಕರಿಸಿದ ಕ್ರಮ ಸರಿಯಿಲ್ಲವೆಂದು ಅದನ್ನು ರದ್ದುಮಾಡಿತು. ಸರ್ಕಾರದ ಕೃಪೆಯಿಂದ ನೇಮಕವಾದ ವಕೀಲನು ಅದೇ ಸರ್ಕಾರವನ್ನು ಕೋರ್ಟಿಗೆ ಎಳೆಯುವುದು ನಮ್ಮ ಕಲ್ಪನೆಗೂ ಬಾರದು. ಜನ ಆರಿಸಿದ ವಕೀಲನಿಗೆ ಆ ಧೈರ್ಯವಿರುತ್ತದೆ. ಆದರೆ ಕಥೆಗೆ ಇನ್ನೊಂದು ತುದಿಯೂ ಇದೆ. 2019ರ ಚುನಾವಣೆಯಲ್ಲಿ ಅದೇ ಬೆಶಿಯರ್ ಅದೇ ಬೆವಿನ್ನರನ್ನು ಸೋಲಿಸಿ ಗವರ್ನರಾದರು. ಹಾಗಾದರೆ ಇಂಥ ಕಡೆ ದಾವೆ ಹೂಡುವುದು ನ್ಯಾಯಕ್ಕಾಗಿಯೋ, ಮುಂದಿನ ಕುರ್ಚಿಗಾಗಿಯೋ? ಎರಡಕ್ಕೂ ಎಂದರೆ ತಪ್ಪಾಗಲಾರದು. ಜನರ ಮುಂದೆ ಮತ ಕೇಳಬೇಕಾದವನ ಕಾವಲು ಜನರ ಕಣ್ಣಿಗೆ ಬೀಳುವ ಕಡೆಯೇ ಹೆಚ್ಚು ಇರುವುದು ಸಹಜ.

ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸದೆ ಇರಲಿಲ್ಲ. ರಾಜ್ಯಪಾಲರನ್ನು ಜನರೇ ಆರಿಸಬೇಕೆಂಬ ವಿಚಾರ ಸಂವಿಧಾನ ಸಭೆಯ ಮುಂದಿತ್ತು. 1949ರ ಮೇ ತಿಂಗಳಿನಲ್ಲಿ ಅದನ್ನು ಕೈಬಿಟ್ಟರು. ಒಂದೇ ರಾಜ್ಯದಲ್ಲಿ ಜನರ ಮತ ಪಡೆದ ಇಬ್ಬರು ಯಜಮಾನರಿದ್ದರೆ ಜಗಳ ತಪ್ಪದು ಎಂಬುದು ಅವರ ಎಣಿಕೆ. ಒಂದು ಮನೆಯಲ್ಲಿ ಇಬ್ಬರ ಕೈಯಲ್ಲಿ ಬೀಗದ ಕೈ ಇದ್ದರೆ ಏನಾಗುತ್ತದೆಂಬುದು ಅವಿಭಕ್ತ ಕುಟುಂಬಗಳ ಈ ದೇಶದವರಿಗೆ ಗೊತ್ತಿಲ್ಲದ ವಿಷಯವೆ?

ಈ ಎರಡು ಪದ್ಧತಿಗಳಲ್ಲಿ ಯಾವುದು ಮೇಲು ಎಂಬುದನ್ನು ರಾಜ್ಯಶಾಸ್ತ್ರಜ್ಞರಿಗೆ ಬಿಡುತ್ತೇನೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನಾನು ಆರಿಸಿದವನು ಇನ್ನೊಬ್ಬನನ್ನು ಆರಿಸಿದರೆ, ಆ ಇನ್ನೊಬ್ಬನ ಕೆಲಸಕ್ಕೆ ನಾನು ಹೊಣೆಯೋ ಅಲ್ಲವೋ? ಕೈಯಿಂದ ಕೈಗೆ ದಾಟುತ್ತ ಹೋದಂತೆ ಹೊಣೆ ಕರಗುತ್ತದೆಯೆ?

ಇದನ್ನು ಕೇಳುವುದಕ್ಕೆ ನನಗೊಂದು ಸ್ವಂತ ಕಾರಣವಿದೆ. ಹೇಳಿಕೊಳ್ಳಲು ಹಿತವಾದ ಕಾರಣವಲ್ಲ. ಕೆಲವು ವರ್ಷಗಳ ಕೆಳಗೆ ನಾನು ತುಮಕೂರಿನ ಒಂದು ಸಣ್ಣ ಸಹಕಾರ ಸಂಘದ ಸದಸ್ಯನಾಗಿದ್ದೆ. ಅಲ್ಲಿಯೂ ನಮ್ಮ ರಾಜ್ಯದ ಪದ್ಧತಿಯೇ: ಸದಸ್ಯರು ನಿರ್ದೇಶಕರನ್ನು ಆರಿಸುವುದು, ನಿರ್ದೇಶಕರು ಅಧ್ಯಕ್ಷನನ್ನು ಆರಿಸುವುದು. ನಾನು ನನ್ನ ಮಿತ್ರರೊಬ್ಬರಿಗೆ ಮತ ಹಾಕಿದೆ, ಅವರು ಸಜ್ಜನರು. ಅವರು ಮತ್ತು ಅವರ ಜೊತೆಯವರು ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಆ ಅಧ್ಯಕ್ಷರು ತಮಗೆ ಬೇಕಾದವರಿಗೆ ಸರಿಯಾದ ಜಾಮೀನಿಲ್ಲದೆ ಸಾಲ ಕೊಟ್ಟರು. ಸಾಲ ಹಿಂತಿರುಗಲಿಲ್ಲ, ಠೇವಣಿ ಇಟ್ಟವರಿಗೆ ಕೊಡಲು ಹಣವಿಲ್ಲದೆ ಹೋಯಿತು.

ಗುಬ್ಬಿಯ ಕಡೆಯ ಒಬ್ಬ ನಿವೃತ್ತ ಜವಾನರು, ತಮ್ಮ ನಿವೃತ್ತಿಯ ಹಣದಲ್ಲಿ ಬಹುಭಾಗವನ್ನು ಅಲ್ಲಿ ಇಟ್ಟಿದ್ದರು. ಇಡುವುದಕ್ಕೆ ಮುಂಚೆ ನನ್ನನ್ನು ಕೇಳಿದ್ದರು, ನಾನು "ಧಾರಾಳವಾಗಿ ಇಡಿ" ಎಂದಿದ್ದೆ. ಅವಧಿ ಮುಗಿದ ಮೇಲೆ ನಾಲ್ಕು ಸಲ ಬಸ್ಸಿನಲ್ಲಿ ಬಂದು ಹೋದರು. ನಾಲ್ಕನೆಯ ಸಲ ನಮ್ಮ ಮನೆಗೆ ಬಂದರು. ನಾನು ಅವರಿಗೆ ಕಾಫಿ ಕೊಡಿಸಿ, ನಯವಾಗಿಯೇ, "ನಾನು ಆ ಮನುಷ್ಯನನ್ನು ಆರಿಸಿದವನಲ್ಲ, ನಿರ್ದೇಶಕರು ಆರಿಸಿದ್ದು" ಎಂದೆ. ಅವರು ಲೋಟವನ್ನು ಕೆಳಗಿಟ್ಟು, ಕೋಪವಿಲ್ಲದೆ ಹೇಳಿದರು: "ನೀವು ಆರಿಸಿದವರೇ ಆರಿಸಿದ್ದು ತಾನೇ, ಸ್ವಾಮಿ?"

ಆ ರಾತ್ರಿ ನಾನು ನನ್ನ ಪರವಾಗಿ ವಾದ ಹೂಡಿದೆ. ಮುಂದೇನಾಗುವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಒಬ್ಬನನ್ನು ತಪ್ಪಿತಸ್ಥನೆನ್ನುವುದು ನ್ಯಾಯವಲ್ಲ. ಹಾಗೆ ಎನ್ನುವುದಾದರೆ, ಮಂತ್ರಿಯೊಬ್ಬ ಲಂಚ ತೆಗೆದುಕೊಂಡ ದಿನ ಅವನ ಕ್ಷೇತ್ರದ ಮತದಾರರೆಲ್ಲ ಜೈಲಿಗೆ ಹೋಗಬೇಕಾದೀತು. ಈ ವಾದ ಸರಿ. ಆದರೆ ತಪ್ಪು ಬೇರೆ, ಹೊಣೆ ಬೇರೆ. ನನ್ನ ಎಮ್ಮೆ ಹಗ್ಗ ಹರಿದುಕೊಂಡು ನೆರೆಯವನ ರಾಗಿ ಹೊಲಕ್ಕೆ ನುಗ್ಗಿದರೆ ನಾನು ಕಳ್ಳನಾಗುವುದಿಲ್ಲ, ನಿಜ. ಆದರೆ "ತಿಂದದ್ದು ಎಮ್ಮೆ, ನಾನಲ್ಲ" ಎಂದು ಜಗಲಿಯ ಮೇಲೆ ಕುಳಿತಿರುವ ಅಧಿಕಾರವೂ ನನಗಿಲ್ಲ. ಎದ್ದು ಹೋಗಬೇಕು, ಎಮ್ಮೆಯನ್ನು ಹೊಡೆದುಕೊಂಡು ಬರಬೇಕು, ನಷ್ಟದ ಮಾತು ಆಡಬೇಕು, ಹೊಸ ಹಗ್ಗ ತರಬೇಕು.

ಇನ್ನೂ ಒಂದು ವಿಷಯ ಆ ರಾತ್ರಿಯೇ ನೆನಪಾಯಿತು. ಅದು ನನ್ನ ವಾದದ ಬುಡವನ್ನೇ ಕಡಿಯಿತು. ಅಧ್ಯಕ್ಷರನ್ನು ನಾನು ಆರಿಸಿರಲಿಲ್ಲ, ಸರಿ. ಆದರೆ ಸಂಘದ ಲೆಕ್ಕ ಪರಿಶೋಧಕರನ್ನು ನೇಮಿಸುವ ಅಧಿಕಾರ ಸದಸ್ಯರ ಮಹಾಸಭೆಯದೇ ಆಗಿತ್ತು. ಅಂದರೆ ಉತ್ತರ ಕೆರೊಲಿನದ ಮತದಾರನಿಗಿರುವಂಥ ಅಧಿಕಾರವೇ ನನ್ನ ಕೈಯಲ್ಲೂ ಇತ್ತು. ಅದನ್ನು ನಾನು ಹೇಗೆ ಚಲಾಯಿಸಿದೆ? ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಒಂದು ಹೆಸರನ್ನು ಓದಿದರು. ಪಕ್ಕದ ಕೋಣೆಯಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಲೆಕ್ಕದ ಪುಸ್ತಿಕೆ ನನ್ನ ತೊಡೆಯ ಮೇಲೇ ಇತ್ತು, ಬಿಚ್ಚಿರಲಿಲ್ಲ.

ಅಮೆರಿಕದಲ್ಲಿಯೂ ಹೀಗೆ ಆಗುತ್ತದೆ. ಮತಪತ್ರದ ಮೇಲ್ತುದಿಯ ದೊಡ್ಡ ಹೆಸರಿಗೆ ಉತ್ಸಾಹದಿಂದ ಗುರುತು ಹಾಕಿ, ಕೆಳಗಿನ ಸಾಲುಗಳನ್ನು ಖಾಲಿ ಬಿಡುವ ಜನ ಎಷ್ಟೋ ಇದ್ದಾರೆ. ಲೆಕ್ಕ ಪರಿಶೋಧಕನ ಹೆಸರನ್ನು ಪಕ್ಷ ನೋಡಿ ಒತ್ತಿ ಮರೆಯುವವರೂ ಇದ್ದಾರೆ. ಆರಿಸುವ ಹುದ್ದೆಗಳು ಹೆಚ್ಚಾದಷ್ಟಕ್ಕೆ ಎಚ್ಚರವೂ ಹೆಚ್ಚುವುದಿಲ್ಲ. ನೇರವಾಗಿ ಆರಿಸಿದೆ ಎಂಬ ಹೆಮ್ಮೆಯಲ್ಲಿ ಅಲ್ಲಿಯವನು ನಿದ್ರೆ ಹೋಗಬಹುದು. ನೇರವಾಗಿ ಆರಿಸಲಿಲ್ಲವೆಂಬ ನೆಪದಲ್ಲಿ ನಾನು ನಿದ್ರೆ ಹೋದೆ.

ಆದ್ದರಿಂದ ನನಗೆ ತೋರುವುದು ಇಷ್ಟು. ಮತವನ್ನು ನಾವು ಕೊಟ್ಟುಬಿಡುವ ದಾನವೆಂದು ಭಾವಿಸಿದ್ದೇವೆ. ದಾನ ಕೊಟ್ಟವನು ಲೆಕ್ಕ ಕೇಳಬಾರದು ಎಂಬುದು ನಮ್ಮ ಸಂಸ್ಕಾರ. ಆದರೆ ಮತ ದಾನವಲ್ಲ, ಅದು ವಹಿಸಿಕೊಟ್ಟ ವಸ್ತು. ಅದನ್ನು ಪಡೆದವನು ಮತ್ತೊಬ್ಬನಿಗೆ ವಹಿಸಿದರೆ ನಡುವೆ ಒಂದು ಕೈ ಹೆಚ್ಚಾಯಿತು. ಆಗ ಕೇಳಬೇಕಾದ ಪ್ರಶ್ನೆಯೂ ಒಂದು ಹೆಚ್ಚಾಗಬೇಕೇ ವಿನಾ ಕಡಮೆಯಾಗಬಾರದು. ಮತ ಕೇಳಲು ಬಂದವನನ್ನು, "ರಸ್ತೆ ಮಾಡಿಸುತ್ತೀಯಾ?" ಎಂದು ಎಲ್ಲರೂ ಕೇಳುತ್ತೇವೆ. "ನೀನು ಯಾರನ್ನು ನಾಯಕನನ್ನಾಗಿ ಆರಿಸುತ್ತೀಯೆ, ಏಕೆ?" ಎಂದು ಎಷ್ಟು ಮಂದಿ ಕೇಳಿದ್ದೇವೆ? ನನ್ನ ಮಿತ್ರರನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಸಜ್ಜನರಾದ್ದರಿಂದ ಒಂದು ಕ್ಷಣ ಯೋಚಿಸುತ್ತಿದ್ದರು. ಆ ಒಂದು ಕ್ಷಣವನ್ನು ಅವರಿಗೆ ನಾನು ಒದಗಿಸಬಹುದಾಗಿತ್ತು.

ಮಾರನೆಯ ವರ್ಷದ ಮಹಾಸಭೆಯಲ್ಲಿ ಎದ್ದು ನಿಂತು, ಸಾಲದ ಪಟ್ಟಿಯನ್ನು ಓದಬೇಕೆಂದು ಕೇಳಿದೆ. ನನ್ನ ಧ್ವನಿ ತರಗತಿಯಲ್ಲಿರುವಷ್ಟು ದೃಢವಾಗಿರಲಿಲ್ಲ. ಮಿತ್ರರು ಮುಖ ತಿರುಗಿಸಿದರು. ಹಿಂದಿನಿಂದ ಯಾರೋ "ಮೇಷ್ಟ್ರೇ, ಉಪ್ಪಿಟ್ಟು ಆರುತ್ತೆ" ಎಂದರು. ಆದರೂ ಓದಿದರು. ಜವಾನರ ಹಣ ಪೂರ್ತಿ ಬರಲಿಲ್ಲ. ಎರಡು ವರ್ಷದಲ್ಲಿ ಮುಕ್ಕಾಲು ಪಾಲು, ಕಂತು ಕಂತಾಗಿ ಬಂದಿತು. ಉಳಿದ ಕಾಲು ಪಾಲಿನ ವಿಷಯ ಅವರು ನನ್ನ ಹತ್ತಿರ ಎಂದೂ ಎತ್ತಿಲ್ಲ. ಗುಬ್ಬಿಯ ಬಸ್ ನಿಲ್ದಾಣದಲ್ಲಿ ಕಂಡಾಗ ಈಗಲೂ ನಮಸ್ಕಾರ ಮಾಡುತ್ತಾರೆ. ಪ್ರತಿ ನಮಸ್ಕಾರ ಮಾಡುವಾಗ ನನ್ನ ಕೈ ಸ್ವಲ್ಪ ಭಾರವಾಗುತ್ತದೆ.

ಕುಣಿಗಲ್ಲಿನ ಆ ಅಜ್ಜಿ ಮುಂದಿನ ಚುನಾವಣೆಗೂ ಬಂದು ಅದೇ ಪ್ರಶ್ನೆ ಕೇಳಲಿ ಎಂದು ನನ್ನ ಆಸೆ. ನಾನು ಅಲ್ಲಿದ್ದರೆ ಆಗಲೂ ಉತ್ತರ ಹೇಳಲಾರೆ, ನಿಯಮ ಬಿಡುವುದಿಲ್ಲ. ಆದರೆ ಈ ಸಲ ನಗೆ ಬರಲಾರದು.