ಅನ್ಯಭಾಷೆಯ ವರ: ಕೊರಿಂಥದಿಂದ ಕೇಡಗಾಂವದವರೆಗೆ

ಪ್ರಾರ್ಥನೆಯ ಹೊತ್ತಿನಲ್ಲಿ ಭಕ್ತನು ತಾನು ಎಂದೂ ಕಲಿಯದ, ತನಗೂ ಅರ್ಥವಾಗದ ನುಡಿಗಳನ್ನು ಪವಿತ್ರಾತ್ಮನ ಪ್ರೇರಣೆಯಿಂದ ಉಚ್ಚರಿಸುವುದನ್ನು ಕ್ರೈಸ್ತರು ‘ಅನ್ಯಭಾಷೆಯಲ್ಲಿ ಮಾತಾಡುವುದು’ ಎನ್ನುತ್ತಾರೆ. ಪೆಂಟೆಕೋಸ್ಟಲ್ ಸಭೆಗಳು ಇದನ್ನು ದೇವರ ವರವೆಂದು ಆದರಿಸಿದರೆ, ಈ ವರವು ಅಪೊಸ್ತಲರ ಕಾಲಕ್ಕೇ ಮುಗಿಯಿತೆಂದು ನಂಬುವ ಸಭೆಗಳೂ ಇವೆ. ಆ ನುಡಿಗಳು ನಿಜವಾದ ಭಾಷೆಯೋ ಅಲ್ಲವೋ ಎಂಬುದರ ಸುತ್ತಲೇ ಈ ವಿವಾದ ಬಹುಮಟ್ಟಿಗೆ ಬೆಳೆದಿದೆಯಾದರೂ, ಅದಕ್ಕಿಂತ ಮೂಲಭೂತವಾದ ಪ್ರಶ್ನೆ ಬೇರೊಂದಿದೆ: ದೇವರೊಬ್ಬನಿಗೇ ತಿಳಿಯುವ ಪ್ರಾರ್ಥನೆಗೂ, ಪಕ್ಕದಲ್ಲಿ ಕುಳಿತ ಮನುಷ್ಯನಿಗೆ ಸಲ್ಲಬೇಕಾದ ಮಾತಿಗೂ ಇರುವ ಸಂಬಂಧವೇನು?

ಹೊಸ ಒಡಂಬಡಿಕೆಯಲ್ಲಿ ಈ ಅನುಭವದ ಎರಡು ಬಗೆಯ ಚಿತ್ರಗಳಿವೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ ಪ್ರಕಾರ, ಪಂಚಾಶತ್ತಮ ಹಬ್ಬದಂದು ಯೆರೂಸಲೇಮಿನಲ್ಲಿ ನೆರೆದಿದ್ದ ನಾನಾ ದೇಶಗಳ ಯೆಹೂದ್ಯರು ಶಿಷ್ಯರ ಮಾತನ್ನು ತಮ್ಮ ತಮ್ಮ ಹುಟ್ಟುನುಡಿಯಲ್ಲೇ ಕೇಳಿದರು. ಅಲ್ಲಿ ನಡೆದ ಪವಾಡವು ಅರ್ಥವಾಗುವಿಕೆಯ ಪವಾಡ. ಕೊರಿಂಥದ ಸಭೆಯಲ್ಲಿ ಕಾಣುವುದು ಇದಕ್ಕಿಂತ ಭಿನ್ನವಾದ ಸ್ಥಿತಿ. ಕ್ರಿ.ಶ. 50ರ ದಶಕದಲ್ಲಿ ಅಪೊಸ್ತಲ ಪೌಲನು ಎಫೆಸದಿಂದ ಆ ಸಭೆಗೆ ಬರೆದ ಮೊದಲನೆಯ ಪತ್ರವನ್ನು ನೋಡಿದರೆ, ಅಲ್ಲಿನವರ ಅನ್ಯಭಾಷೆ ಕೇಳುಗರಿಗೂ ಆಡುವವರಿಗೂ ತಿಳಿಯದಂಥದ್ದಾಗಿತ್ತು, ಅದನ್ನು ಬಿಡಿಸಿ ಹೇಳಲು ‘ಅರ್ಥ ಹೇಳುವ ವರ’ ಎಂಬ ಮತ್ತೊಂದು ವರವೇ ಬೇಕಾಗಿತ್ತು ಎಂಬುದು ಗೊತ್ತಾಗುತ್ತದೆ.

ಪೌಲನು ಈ ವರವನ್ನು ಹೀಗಳೆಯುವುದಿಲ್ಲ. ತಾನು ಅವರೆಲ್ಲರಿಗಿಂತ ಹೆಚ್ಚಾಗಿ ಅನ್ಯಭಾಷೆಗಳನ್ನಾಡುವವನೆಂದು ಹೇಳಿಕೊಳ್ಳುತ್ತಾನೆ, ಅದನ್ನು ಯಾರೂ ತಡೆಯಬಾರದೆಂದೂ ವಿಧಿಸುತ್ತಾನೆ. ಆದರೆ ಸಭೆ ಕೂಡಿದಾಗ ಹೆಚ್ಚೆಂದರೆ ಇಬ್ಬರು ಮೂವರು, ಅದೂ ಒಬ್ಬರಾದ ಮೇಲೊಬ್ಬರು ಮಾತಾಡಬೇಕು, ಅರ್ಥ ಹೇಳುವವರಿರಬೇಕು, ಇಲ್ಲದಿದ್ದರೆ ಆಡುವವನು ಸಭೆಯಲ್ಲಿ ಸುಮ್ಮನಿದ್ದು ತನ್ನಷ್ಟಕ್ಕೆ ದೇವರೊಂದಿಗೆ ಮಾತಾಡಿಕೊಳ್ಳಬೇಕು ಎಂಬುದು ಅವನ ಕಟ್ಟಳೆ. ವರಗಳ ವಿಚಾರ ಹೇಳುವ ಹನ್ನೆರಡು ಮತ್ತು ಹದಿನಾಲ್ಕನೆಯ ಅಧ್ಯಾಯಗಳ ನಡುವೆಯೇ ಪ್ರೀತಿಯನ್ನು ಕುರಿತ ಹದಿಮೂರನೆಯ ಅಧ್ಯಾಯ ಬರುವುದು ಕಾಕತಾಳೀಯವಲ್ಲ. ವರದ ಬೆಲೆಯನ್ನು ಅಳೆಯಬೇಕಾದುದು ಅದರ ಅಚ್ಚರಿಯಿಂದಲ್ಲ, ಅದರಿಂದ ಇನ್ನೊಬ್ಬನಿಗಾಗುವ ಹಿತದಿಂದ ಎಂಬುದೇ ಆ ಪತ್ರದ ವಾದದ ತಿರುಳು.

ನಂತರದ ಶತಮಾನಗಳಲ್ಲಿ ಈ ವರ ಹಿನ್ನೆಲೆಗೆ ಸರಿಯಿತು. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಕೊರಿಂಥದ ಪತ್ರವನ್ನು ವ್ಯಾಖ್ಯಾನಿಸಿದ ಜಾನ್ ಕ್ರಿಸೊಸ್ಟಮ್, ಇಂಥವು ಈಗ ನಡೆಯದ ಕಾರಣ ಈ ಭಾಗವೇ ತಿಳಿಯಲು ಕಷ್ಟವಾಗಿದೆಯೆಂದು ಬರೆದನು. ಅದೇ ಕಾಲದ ಅಗಸ್ಟೀನನೂ ಅನ್ಯಭಾಷೆಯನ್ನು ಆದಿ ಸಭೆಗೆ ಸಂದ ಗುರುತೆಂದೇ ಎಣಿಸಿದನು. ಆದರೂ ಮಾತಿಗೆ ನಿಲುಕದ ಆನಂದವು ಪದಗಳನ್ನು ಬಿಟ್ಟು ಬರಿಯ ದನಿಯಾಗಿ ಹೊಮ್ಮುವುದನ್ನು ತನ್ನ ಕೀರ್ತನೆಗಳ ವ್ಯಾಖ್ಯಾನದಲ್ಲಿ ಅವನು ಮನಸಾರೆ ಹೊಗಳಿದ್ದಾನೆ. ವರವಾಗಿ ಮರೆಯಾದದ್ದಕ್ಕೆ ಮನುಷ್ಯಸಹಜವಾದ ಬೇರೊಂದು ರೂಪವಿದೆಯೆಂಬುದನ್ನು ಅವನು ಕಂಡಿದ್ದನು.

ಆಧುನಿಕ ಪೆಂಟೆಕೋಸ್ಟಲ್ ಚಳವಳಿ ಈ ವರವನ್ನು ಮತ್ತೆ ಮುನ್ನೆಲೆಗೆ ತಂದಿತು. 1901ರಲ್ಲಿ ಅಮೆರಿಕದ ಟೊಪೀಕಾದ ಬೈಬಲ್ ಶಾಲೆಯೊಂದರಲ್ಲಿ ಚಾರ್ಲ್ಸ್ ಪರ್ಹಾಮ್ ಅವರ ವಿದ್ಯಾರ್ಥಿನಿ ಅಗ್ನೆಸ್ ಓಜ್‌ಮನ್ ಅನ್ಯಭಾಷೆಯಲ್ಲಿ ಮಾತಾಡಿದರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ದಂಪತಿಗಳ ಮಗನಾದ ವಿಲಿಯಂ ಸೀಮೋರ್ ಅವರ ನೇತೃತ್ವದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಪ್ರಾರ್ಥಿಸಿದರು. ಅನ್ಯಭಾಷೆಯೆಂದರೆ ಪರದೇಶದ ಭಾಷೆ, ಅದು ದೊರೆತವರು ಕಲಿಯದೆಯೇ ಅಲ್ಲಿಗೆ ಹೋಗಿ ಸುವಾರ್ತೆ ಸಾರಬಹುದು ಎಂಬುದು ಪರ್ಹಾಮ್ ಅವರ ನಂಬಿಕೆಯಾಗಿತ್ತು. ತಮಗೆ ಬಂಗಾಳಿ ಒಲಿದಿದೆಯೆಂದು ನಂಬಿ ಕಲ್ಕತ್ತೆಗೆ ಬಂದ ಆಲ್ಫ್ರೆಡ್ ಗಾರ್, ತಮ್ಮ ಮಾತು ಅಲ್ಲಿನ ಜನಕ್ಕೆ ತಿಳಿಯದೆಂಬುದನ್ನು ಕಂಡುಕೊಂಡರು; ಆದರೂ ಅನುಭವವನ್ನು ಕೈಬಿಡದೆ, ಅದು ಬೋಧನೆಯ ಸಾಧನವಲ್ಲ, ದೇವರನ್ನು ಸ್ತುತಿಸುವ ಪ್ರಾರ್ಥನೆ ಎಂಬ ನಿಲುವಿಗೆ ಬಂದರು. ಭಾಷಾವಿಜ್ಞಾನಿ ವಿಲಿಯಂ ಸ್ಯಾಮರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿಗೆ ಕೈತೋರುತ್ತದೆ: ಈ ನುಡಿಗಳ ಧ್ವನಿಗಳು ಆಡುವವನಿಗೆ ಮೊದಲೇ ಪರಿಚಿತವಾದ ಭಾಷೆಗಳಿಂದ ಬಂದವು, ಅವುಗಳಿಗೆ ಲಯವೂ ಪುನರಾವರ್ತನೆಯೂ ಉಂಟು, ಆದರೆ ಪದಕ್ಕೂ ಅರ್ಥಕ್ಕೂ ನಡುವೆ ಭಾಷೆಗಿರುವಂಥ ನಿಯತ ಸಂಬಂಧವಿಲ್ಲ. ಇದರಿಂದ ಪ್ರಾರ್ಥನೆ ಸುಳ್ಳಾಗುವುದಿಲ್ಲ. ಪರದೇಶದ ಭಾಷೆಯೆಂಬ ವಾದವಷ್ಟೇ ಬಿದ್ದುಹೋಗುತ್ತದೆ.

ಪ್ರಾರ್ಥನೆಗೂ ನೆರೆಯವನಿಗೆ ಸಲ್ಲಬೇಕಾದ ಮಾತಿಗೂ ಇರುವ ಸಂಬಂಧದ ಪ್ರಶ್ನೆಗೆ ಅತ್ಯಂತ ಆಳವಾದ ಭಾರತೀಯ ಉದಾಹರಣೆ ಪಂಡಿತಾ ರಮಾಬಾಯಿ ಅವರ ಬದುಕಿನಲ್ಲಿದೆ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಅವರು, ಕಾರ್ಕಳದ ಬಳಿಯ ಮಾಳದ ವಿದ್ವಾಂಸ ಅನಂತಶಾಸ್ತ್ರಿ ಡೋಂಗ್ರೆ ಅವರ ಮಗಳು. ಬಾಲ್ಯದಲ್ಲಿ ಕುಟುಂಬದೊಡನೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತ ಪುರಾಣ ಓದಿದವರು. ಸಂಸ್ಕೃತದ ಆ ಪಾಠ ಕೇಳುಗರಿಗೆ ತಿಳಿಯುತ್ತಿರಲಿಲ್ಲ, ಪೌರಾಣಿಕನು ಅರ್ಥ ಹೇಳಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ ಎಂದು ಅವರೇ ತಮ್ಮ ಆತ್ಮವೃತ್ತಾಂತದಲ್ಲಿ ದಾಖಲಿಸಿದ್ದಾರೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು ಮುಂದೆ ಪುಣೆಯ ಸಮೀಪದ ಕೇಡಗಾಂವದಲ್ಲಿ ವಿಧವೆಯರಿಗೂ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ‘ಮುಕ್ತಿ’ ಆಶ್ರಯಧಾಮವನ್ನು ಕಟ್ಟಿದರು. 1905ರಲ್ಲಿ ಅಲ್ಲಿ ‘ಉಜ್ಜೀವನ’, ಅಂದರೆ ಸಾಮೂಹಿಕ ಭಕ್ತಿಯ ಹೊಸ ಎಚ್ಚರ, ಆರಂಭವಾಗಿ, ಮುಂದಿನ ಒಂದೆರಡು ವರ್ಷಗಳಲ್ಲಿ ಅನ್ಯಭಾಷೆಯೂ ಕಾಣಿಸಿಕೊಂಡಿತು. ಅಲ್ಲಿ ದುಡಿಯುತ್ತಿದ್ದ ಮಿನಿ ಏಬ್ರಮ್ಸ್ ಬರೆದ ಪುಸ್ತಕ ಚಿಲಿ ದೇಶದ ಉಜ್ಜೀವನಕ್ಕೂ ಪ್ರೇರಣೆಯಾಯಿತು. ಆದರೆ ಪವಿತ್ರಾತ್ಮನನ್ನು ಹೊಂದಿದ್ದಕ್ಕೆ ಅನ್ಯಭಾಷೆಯೇ ಅನಿವಾರ್ಯ ಗುರುತೆಂಬ ನಿಯಮವನ್ನು ಮುಕ್ತಿ ಒಪ್ಪಲಿಲ್ಲ.

ಊರುಕೇರಿಗಳು ಬಾಯಿ ಮುಚ್ಚಿಸಿದ್ದ ಆ ಹೆಣ್ಣುಮಕ್ಕಳಿಗೆ, ವ್ಯಾಕರಣದ ಅಪ್ಪಣೆಯನ್ನೂ ಕೇಳದ ಪ್ರಾರ್ಥನೆಯು ಪಂಡಿತರ ಮಧ್ಯಸ್ಥಿಕೆಯಿಲ್ಲದೆ ದೇವರ ಮುಂದೆ ನಿಲ್ಲುವ ಧೈರ್ಯ ಕೊಟ್ಟಿತೆಂದು ತಿಳಿಯಬಹುದು. ರಮಾಬಾಯಿ ಅವರು ಅದನ್ನು ತಡೆಯಲಿಲ್ಲ, ಟೀಕೆಗಳೆದುರು ಸಮರ್ಥಿಸಿದರು. ಅದೇ ಅವಧಿಯಲ್ಲಿ ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಓದುಬರಹ ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವಂಥ ಸರಳ ಮರಾಠಿಗೆ ಬೈಬಲನ್ನು ಅನುವಾದಿಸುತ್ತಿದ್ದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ನಡೆಯಿತು, ಮುಕ್ತಿಯ ಮುದ್ರಣಾಲಯದಲ್ಲಿ ಅಲ್ಲಿನ ಹೆಣ್ಣುಮಕ್ಕಳೇ ಅದರ ಮುದ್ರಣಕ್ಕೆ ದುಡಿದರು. ಅರ್ಥವನ್ನು ಮೀರಿದ ಪ್ರಾರ್ಥನೆಗೆ ಬಾಗಿಲು ತೆರೆದವರೇ, ಅರ್ಥವಾಗುವ ವಚನಕ್ಕಾಗಿ ಕೊನೆಯ ದಿನಗಳವರೆಗೆ ಶ್ರಮಿಸಿದರು.

ಇವೆರಡನ್ನೂ ಒಟ್ಟಿಗೆ ಹಿಡಿದ ಈ ಬದುಕು ಪೌಲನ ಕಟ್ಟಳೆಗೆ ದೊರೆತ ಜೀವಂತ ವ್ಯಾಖ್ಯಾನವಾಗಿದೆ. ಅನ್ಯಭಾಷೆಯನ್ನು ನಿಷೇಧಿಸುವ ಸಭೆಯು ಮನುಷ್ಯನ ಪ್ರಾರ್ಥನೆ ಅವನ ಬುದ್ಧಿಯಷ್ಟೇ ದೊಡ್ಡದೆಂದು ತಪ್ಪೆಣಿಸುತ್ತದೆ. ಅದನ್ನು ಎಲ್ಲರ ಮೇಲೂ ಹೇರುವ ಸಭೆಯು ವರವನ್ನು ಪರೀಕ್ಷೆಯನ್ನಾಗಿ ಮಾಡಿ, ಆ ಅನುಭವವಿಲ್ಲದವರನ್ನು ಎರಡನೆಯ ಪಂಕ್ತಿಗೆ ತಳ್ಳುತ್ತದೆ. ಏಕಾಂತದಲ್ಲಿ ಭಕ್ತನು ಅರ್ಥದ ಹಂಗಿಲ್ಲದೆ ಪ್ರಾರ್ಥಿಸಲು ಸ್ವತಂತ್ರ. ಸಭೆಯ ನಡುವೆ ಮಾತ್ರ, ತನ್ನ ನುಡಿಯಿಂದ ನೆರೆಯವನಿಗೆ ಏನು ದಕ್ಕಿತೆಂಬುದಕ್ಕೆ ಅವನು ಉತ್ತರ ಹೇಳಲೇಬೇಕು.